ನರೆತ ತಲೆ ಎಣಿಸಿದರೆ ಸಾಲದು: ಸಂಗೀತ ಕಛೇರಿಯ ಕೇಳುಗರ ವಯಸ್ಸನ್ನು ಅಳೆಯುವ ಬಗೆ

ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತದ ಕಛೇರಿ ಏರ್ಪಡಿಸುವ ಯಾವುದೇ ಸಂಗೀತ ಸಭೆಯ ಪದಾಧಿಕಾರಿಗಳನ್ನು ಮಾತಾಡಿಸಿ ನೋಡಿ. ಐದು ನಿಮಿಷದೊಳಗೆ ‘ಹುಡುಗರು ಬರೋದಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಕೊನೆಯ ಸಾಲಿನಿಂದ ಕಣ್ಣು ಹಾಯಿಸಿದರೆ ಹಾಗೆ ಕಾಣುವುದೂ ನಿಜ: ಬೆಳ್ಳಿ ಕೂದಲು, ಹೆಗಲ ಮೇಲೊಂದು ಶಾಲು, ಮಡಿಲಲ್ಲಿ ನೀರಿನ ಬಾಟಲಿ ಇಟ್ಟ ಬಟ್ಟೆಚೀಲ. ಆದರೆ ಹೀಗೆ ಕಂಡದ್ದೊಂದು, ಅದರ ಕಾರಣ ಇನ್ನೊಂದು. ಕಾರಣ ತಿಳಿಯದೆ ಮಾಡುವ ಖರ್ಚೆಲ್ಲ ಕತ್ತಲಲ್ಲಿ ಕಲ್ಲು ಎಸೆದ ಹಾಗೆ. ಸಭೆಗಳು ಕೈಯಿಂದ ಹಣ ಹಾಕಿ, ದಾನಿಗಳ ಮನೆ ಬಾಗಿಲು ತಟ್ಟಿ ಕಛೇರಿ ನಡೆಸುತ್ತಿರುವಾಗ ಈ ವಿಷಯವನ್ನು ನೆಟ್ಟಗೆ ಅಳೆದು ನೋಡುವುದು ಅವುಗಳಿಗೆ ನಾವು ಮಾಡಬಹುದಾದ ದೊಡ್ಡ ಸಹಾಯ.

ಮೊದಲು ಪ್ರಶ್ನೆಯನ್ನೇ ಬಿಡಿಸಿಕೊಳ್ಳಬೇಕು. ‘ಕೇಳುಗರಿಗೆ ವಯಸ್ಸಾಗುತ್ತಿದೆ’ ಎಂಬ ಒಂದೇ ಮಾತಿನೊಳಗೆ ಮೂರು ಸಂಗತಿ ಅಡಗಿವೆ. ಒಂದು, ವಯಸ್ಸಿನ ಪರಿಣಾಮ. ಮಕ್ಕಳು ಒಂದು ದಡ ಸೇರಿ, ನೌಕರಿಯ ಓಟ ನಿಂತ ಮೇಲೆ ಜನ ಕಛೇರಿಗೆ ಬರುತ್ತಾರೆ. ಹಿಂದೆಯೂ ಹೀಗೇ ಇತ್ತು, ಮುಂದೆಯೂ ಹೀಗೇ ಇರುತ್ತದೆ ಎಂಬ ವಾದ ಇದು. ಎರಡು, ಓರಗೆಯ, ಅಂದರೆ ಒಂದೇ ಕಾಲದಲ್ಲಿ ಹುಟ್ಟಿ ಬೆಳೆದವರ ಗುಂಪಿನ ಪರಿಣಾಮ. 1950ರ ಆಸುಪಾಸಿನಲ್ಲಿ ಹುಟ್ಟಿದವರು ಆಕಾಶವಾಣಿ ಕೇಳುತ್ತ, ರಾಮನವಮಿಯ ಪೆಂಡಾಲಿನಲ್ಲಿ ಅಪ್ಪನ ತೊಡೆಯ ಮೇಲೆ ನಿದ್ದೆ ಮಾಡುತ್ತ ಬೆಳೆದವರು. 1985ರಲ್ಲಿ ಹುಟ್ಟಿದ ಬಹಳ ಮಂದಿಗೆ ಅಂಥ ಬಾಲ್ಯವಿರಲಿಲ್ಲ, ಆದ್ದರಿಂದ ಅರವತ್ತಾದರೂ ಅವರು ಬರಲಿಕ್ಕಿಲ್ಲ ಎಂಬ ವಾದ. ಮೂರು, ಕಾಲದ ಪರಿಣಾಮ. ಟ್ರಾಫಿಕ್ಕು, ಮೊಬೈಲು, ಕೋವಿಡ್ಡು, ಹೀಗೆ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತಟ್ಟಿದ್ದು. ಮೊದಲನೆಯದು ನಿಜವಾದರೆ ಸಭೆ ಹೆದರಬೇಕಿಲ್ಲ. ಎರಡನೆಯದು ನಿಜವಾದರೆ ಇಪ್ಪತ್ತು ವರ್ಷದಲ್ಲಿ ಕುರ್ಚಿಗಳು ಖಾಲಿ. ಮೂರನೆಯದಾದರೆ ಹೊತ್ತು, ಜಾಗ, ದಾರಿ ಬದಲಿಸಿ ಏನಾದರೂ ಮಾಡಬಹುದು.

ತೊಡಕು ಏನೆಂದರೆ, ಒಂದೇ ಸಲದ ಸಮೀಕ್ಷೆ ಈ ಮೂರನ್ನು ಬೇರೆ ಮಾಡಲಾರದು. ಸಮೀಕ್ಷೆಯ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ವಯಸ್ಸು. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿಯೇ ಬರುತ್ತದೆ. 2025ರ ಒಂದು ಸಂಜೆ ಕಛೇರಿಯ ಹಾಲಿನಲ್ಲಿ ಕೂತ 65ರ ವ್ಯಕ್ತಿ 65 ಆದದ್ದಕ್ಕೆ ಬಂದರೋ, 1960ರಲ್ಲಿ ಹುಟ್ಟಿದ್ದಕ್ಕೆ ಬಂದರೋ ಆ ಒಂದು ಸಂಜೆಯಿಂದ ಹೇಳುವುದು ಆಗದ ಮಾತು. ಕನಿಷ್ಠ ಎರಡು ಕಾಲಘಟ್ಟದ ಲೆಕ್ಕ ಬೇಕು: ಈಗಿನ 45ರವರು, ಇಪ್ಪತ್ತು ವರ್ಷ ಹಿಂದಿನ 45ರವರಷ್ಟೇ ಬರುತ್ತಿದ್ದಾರೆಯೇ? ಇಡೀ ಸಂಶೋಧನೆಯ ತಿರುಳು ಈ ಒಂದು ಪ್ರಶ್ನೆ.

ಇದನ್ನು ದಶಕಗಟ್ಟಲೆ ಅಳೆದವರು ಅಮೆರಿಕದವರು. ಅಲ್ಲಿನ ಸರ್ಕಾರದ ಕಲಾ ಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ 1982ರಿಂದ ಕೆಲವು ವರ್ಷಗಳಿಗೊಮ್ಮೆ ಇಡೀ ದೇಶದ ವಯಸ್ಕರನ್ನು ಕೇಳುತ್ತ ಬಂದಿದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಹೋದವರ ಮಧ್ಯಾಂಕ ವಯಸ್ಸು (ಎಲ್ಲರನ್ನೂ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ವಯಸ್ಸು) 1982ರಲ್ಲಿ 40 ಇದ್ದದ್ದು 2008ಕ್ಕೆ 49 ಆಯಿತು. ಗಾಬರಿಯಾಗುವ ಮುಂಚೆ ಪಕ್ಕದ ಸಾಲನ್ನೂ ಓದಬೇಕು. ಅದೇ ಅವಧಿಯಲ್ಲಿ ಅಮೆರಿಕದ ಎಲ್ಲ ವಯಸ್ಕರ ಮಧ್ಯಾಂಕವೂ 39ರಿಂದ 45ಕ್ಕೆ ಏರಿತ್ತು. ಅಂದರೆ ಒಂಬತ್ತು ವರ್ಷದ ಏರಿಕೆಗೆ ಎದುರಾಗಿ ಆರು ವರ್ಷ ಇಡೀ ದೇಶವೇ ಮಾಗಿತ್ತು. ನಿಜವಾಗಿ ಚಿಂತೆ ಹುಟ್ಟಿಸುವ ಅಂಕಿ ಬೇರೆ: ವರ್ಷಕ್ಕೊಮ್ಮೆಯಾದರೂ ಇಂಥ ಕಛೇರಿಗೆ ಹೋದ ವಯಸ್ಕರು ನೂರಕ್ಕೆ 13ರಿಂದ 9.3ಕ್ಕೆ ಇಳಿದಿದ್ದರು. ವಯಸ್ಸಿಗಿಂತ ಮುಖ್ಯವಾದ ಕಥೆ ಕೇಳುಗರು ಕರಗಿದ್ದು. ಅದೇ ಅಂಕಿಅಂಶಗಳನ್ನು ಹಲವು ವರ್ಷಗಳ ಉದ್ದಕ್ಕೂ ಜೋಡಿಸಿ ನೋಡಿದ ಸಂಶೋಧಕ ಮಾರ್ಕ್ ಸ್ಟರ್ನ್, 2011ರಲ್ಲಿ, ಯಾರು ಕಲಾ ಕಾರ್ಯಕ್ರಮಗಳಿಗೆ ಹೋಗುತ್ತಾರೆ ಎಂಬುದನ್ನು ವಯಸ್ಸು ಮತ್ತು ಓರಗೆ ತೀರ ಸಣ್ಣ ಮಟ್ಟಿಗೆ ಮಾತ್ರ ವಿವರಿಸುತ್ತವೆ ಎಂದು ತೋರಿಸಿದರು. ಓದಿನ ಮಟ್ಟದ ಪ್ರಭಾವ ಅದಕ್ಕಿಂತ ಬಹಳ ಹೆಚ್ಚು. ನಮ್ಮ ಪ್ರಶ್ನಾವಳಿಯಲ್ಲಿ ವಿದ್ಯಾಭ್ಯಾಸದ ಕಾಲಂ ಬಿಡಬಾರದು ಎನ್ನುವುದು ಇದಕ್ಕೇ.

ಈಗ ಹಾಲಿನೊಳಕ್ಕೆ ಬರೋಣ. ಇಲ್ಲಿ ಬಹುತೇಕ ಎಲ್ಲರೂ ಎಡವುವ ಕಲ್ಲೊಂದಿದೆ. ಅದನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಒಂದು ಊರಿನಲ್ಲಿ ವರ್ಷಕ್ಕೆ 80 ಕಛೇರಿ ನಡೆಯುತ್ತವೆ ಎಂದುಕೊಳ್ಳಿ. ಅಲ್ಲಿ 100 ಮಂದಿ ಹಿರಿಯ ರಸಿಕರು, ಒಬ್ಬೊಬ್ಬರೂ ವರ್ಷಕ್ಕೆ 40 ಕಛೇರಿ ಕೇಳುತ್ತಾರೆ. 400 ಮಂದಿ ಕಿರಿಯರು, ಒಬ್ಬೊಬ್ಬರೂ ವರ್ಷಕ್ಕೆ 4 ಕಛೇರಿ ಕೇಳುತ್ತಾರೆ. ಯಾವುದೋ ಒಂದು ಸಂಜೆ ಹಾಲಿಗೆ ಹೋದರೆ ಸರಾಸರಿ 50 ಹಿರಿಯರು, 20 ಕಿರಿಯರು ಕಾಣಿಸುತ್ತಾರೆ. ನೂರಕ್ಕೆ 71 ಬಿಳಿ ತಲೆ! ‘ಹುಡುಗರೇ ಇಲ್ಲ’ ಎಂದು ವರದಿ ಬರೆದುಬಿಡುತ್ತೇವೆ. ಆದರೆ ಊರಿನ ರಸಿಕರ ಪೈಕಿ ಹಿರಿಯರು ನೂರಕ್ಕೆ 20 ಮಾತ್ರ. ಹುಡುಗರು ಇದ್ದಾರೆ, ಅಪರೂಪಕ್ಕೆ ಬರುತ್ತಾರೆ. ಇವೆರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಇಲ್ಲದ ಕೇಳುಗರನ್ನು ಹುಟ್ಟಿಸಲು ಶಾಲೆಗೆ ಹೋಗಬೇಕು; ಇರುವ ಕೇಳುಗರನ್ನು ವರ್ಷಕ್ಕೆ ನಾಲ್ಕರ ಬದಲು ಎಂಟು ಸಲ ಕರೆತರಲು ಹೊತ್ತು, ದಾರಿ, ಸುದ್ದಿ ಮುಟ್ಟಿಸುವ ರೀತಿ ಸರಿಪಡಿಸಬೇಕು.

ಸರಿಪಡಿಸುವ ಲೆಕ್ಕ ಸುಲಭ. ಪ್ರತಿಯೊಬ್ಬರಿಂದಲೂ ‘ಕಳೆದ 12 ತಿಂಗಳಲ್ಲಿ ಎಷ್ಟು ಕಛೇರಿ’ ಎಂಬ ಸಂಖ್ಯೆ ಪಡೆದು, ಒಂದನ್ನು ಆ ಸಂಖ್ಯೆಯಿಂದ ಭಾಗಿಸಿ ಅದನ್ನೇ ಅವರ ಉತ್ತರದ ತೂಕವಾಗಿ ಇಡುವುದು. ಮೇಲಿನ ಉದಾಹರಣೆಯಲ್ಲಿ 50 ಹಿರಿಯರ ಒಟ್ಟು ತೂಕ 50 ಭಾಗಿಸು 40, ಅಂದರೆ 1.25. ಕಿರಿಯ 20 ಮಂದಿಯದು 20 ಭಾಗಿಸು 4, ಅಂದರೆ 5. ಒಟ್ಟು 6.25ರಲ್ಲಿ 1.25 ಎಂದರೆ ಸರಿಯಾಗಿ ನೂರಕ್ಕೆ 20. ಈ ಒಂದು ಭಾಗಾಕಾರ ಮಾಡದ ಸಮೀಕ್ಷೆಯ ತೀರ್ಮಾನವನ್ನು ನಂಬಬಾರದು. ವರದಿಯಲ್ಲಿ ಎರಡು ಅಂಕಿಯನ್ನೂ ಕೊಡಿ: ‘ಕುರ್ಚಿಗಳ ವಯಸ್ಸು’ ಒಂದು, ‘ರಸಿಕರ ವಯಸ್ಸು’ ಇನ್ನೊಂದು.

ಹಾಗಾಗಿ ಆ ಪ್ರಶ್ನೆಯ ಉತ್ತರ ಕರಾರುವಾಕ್ಕಾಗಿರಬೇಕು. ‘ಆಗಾಗ ಬರುತ್ತೇನೆ’, ‘ಅಪರೂಪಕ್ಕೆ’ ಎಂಬ ಆಯ್ಕೆ ಕೊಟ್ಟರೆ ಕೆಟ್ಟಿತು. ಒಬ್ಬರ ‘ಆಗಾಗ’ 40, ಇನ್ನೊಬ್ಬರ ‘ಆಗಾಗ’ 3. ಇಡೀ ವರ್ಷದ್ದು ಒಟ್ಟಿಗೆ ಕೇಳಿದರೂ ಜನ ಉಜ್ಜಾಯಿಸಿ ದುಂಡು ಸಂಖ್ಯೆ ಬರೆಯುತ್ತಾರೆ. ಕಳೆದ ಒಂದು ತಿಂಗಳಲ್ಲಿ ಎಷ್ಟು, ಕಳೆದ ರಾಮನವಮಿ ಸೀಸನ್ನಿನಲ್ಲಿ ಎಷ್ಟು, ಗಣೇಶನ ಹಬ್ಬದಲ್ಲಿ ಎಷ್ಟು, ಉಳಿದಂತೆ ಎಷ್ಟು ಎಂದು ಒಡೆದು ಕೇಳಿ ಕೂಡಿಸಿಕೊಂಡರೆ ನಿಜಕ್ಕೆ ಹತ್ತಿರ ಬರುತ್ತದೆ.

ವಯಸ್ಸು ಕೇಳುವಾಗ ‘40–60’ ಎಂಬಂಥ ಗುಂಪು ಬೇಡ, ಹುಟ್ಟಿದ ವರ್ಷವನ್ನೇ ಕೇಳಿ. ಗುಂಪು ಮಾಡಿ ತೆಗೆದುಕೊಂಡ ಉತ್ತರವನ್ನು ಮುಂದೆ ಇನ್ನೊಂದು ಸಮೀಕ್ಷೆಯ ಜೊತೆ ಓರಗೆವಾರು ಹೋಲಿಸಲು ಬರುವುದಿಲ್ಲ. ವರ್ಷ ಹೇಳಲು ಹಿಂಜರಿಯುವವರಿಗೆ ದಶಕವಾದರೂ ಸಾಕು. ಉಳಿದ ಪ್ರಶ್ನೆಗಳು: ಮನೆಯ ಪಿನ್‌ಕೋಡ್, ಈ ಸಂಜೆ ಬಂದದ್ದು ಮನೆಯಿಂದಲೋ ಆಫೀಸಿನಿಂದಲೋ, ಎಷ್ಟು ನಿಮಿಷ ಹಿಡಿಯಿತು, ಯಾವುದರಲ್ಲಿ, ಯಾರ ಜೊತೆ, ಇವತ್ತಿನ ಕಛೇರಿಯ ವಿಷಯ ಹೇಗೆ ತಿಳಿಯಿತು, ಸಂಗೀತ ಕಲಿತಿದ್ದರೆ ಎಷ್ಟು ವರ್ಷ, ಯಾವ ವಯಸ್ಸಿನಲ್ಲಿ ಬಿಟ್ಟದ್ದು, ಮೊದಲ ಕಛೇರಿಗೆ ಕರೆತಂದವರು ಯಾರು, ವಿದ್ಯಾಭ್ಯಾಸ. ಎಲ್ಲ ಸೇರಿ ಹನ್ನೆರಡನ್ನು ದಾಟಬಾರದು. ಒಂದೇ ಹಾಳೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಅಕ್ಷರ 16 ಪಾಯಿಂಟಿಗಿಂತ ಚಿಕ್ಕದಾದರೆ ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರು ಹಾಗೇ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕ್ಯೂಆರ್ ಕೋಡ್ ಒಂದನ್ನೇ ಅಂಟಿಸಿದರೆ ತದ್ವಿರುದ್ಧ ತಪ್ಪು: ಹಿರಿಯರು ಬಿಟ್ಟುಹೋಗಿ ಹಾಲು ಇದ್ದಕ್ಕಿಂತ ಎಳೆಯದಾಗಿ ಕಾಣುತ್ತದೆ.

ಹಾಳೆಗಳ ಕಟ್ಟನ್ನು ಬಾಗಿಲಲ್ಲಿ ಇಟ್ಟು ‘ದಯವಿಟ್ಟು ತುಂಬಿ’ ಎಂದು ಬೋರ್ಡು ಹಾಕುವುದು ಎಲ್ಲಕ್ಕಿಂತ ಕೆಟ್ಟ ವಿಧಾನ. ತುಂಬುವವರು ಯಾರೆಂದರೆ ಬೇಗ ಬಂದವರು, ಬಿಡುವಿದ್ದವರು, ಸಭೆಯ ಮೇಲೆ ಅಭಿಮಾನವಿದ್ದವರು. ಮೂರೂ ಬಹಳ ಮಟ್ಟಿಗೆ ಹಿರಿಯರೇ. ಬದಲಿಗೆ ಕುರ್ಚಿ ಲೆಕ್ಕ ಹಿಡಿಯಿರಿ: ಪ್ರತಿ ಐದನೆಯ ಕುರ್ಚಿ, ಅದರಲ್ಲಿ ಯಾರು ಕೂತಿದ್ದರೂ ಅವರಿಗೇ. ಪಕ್ಕದ ಯಜಮಾನರು ‘ನಾನು ತುಂಬುತ್ತೇನೆ ಕೊಡಿ’ ಎಂದು ಕೈ ಚಾಚಿದರೂ ನಯವಾಗಿ ಹೇಳಿ, ಆಯ್ಕೆಯಾದ ಕುರ್ಚಿಯ ಹೆಂಗಸಿಗೇ ಕೊಡಬೇಕು. 300 ಕುರ್ಚಿಯ ಹಾಲಿಗೆ 60 ಹಾಳೆ, 60 ಪೆನ್ಸಿಲ್, ನಾಲ್ವರು ಸ್ವಯಂಸೇವಕರು ಸಾಕು. ಶುರುವಾಗುವ 20 ನಿಮಿಷ ಮುಂಚೆ ಕೊಟ್ಟು, ಶ್ರುತಿ ಸೇರಿಸುವಾಗ ವಾಪಸ್ ಪಡೆಯಬೇಕು. ಮಂಗಳ ಹಾಡಿದ ಮೇಲೆ ಯಾರೂ ನಿಲ್ಲುವುದಿಲ್ಲ, ಎಲ್ಲರಿಗೂ ಆಟೋ, ಬಸ್ಸಿನ ಚಿಂತೆ. ಆದರೆ ತಡವಾಗಿ ಬರುವವರು ಇದರಲ್ಲಿ ತಪ್ಪಿಹೋಗುತ್ತಾರೆ, ಮತ್ತು ತಡವಾಗಿ ಬರುವವರಲ್ಲಿ ಆಫೀಸಿನವರೇ ಹೆಚ್ಚು. ಅವರಿಗಾಗಿ ಬಾಗಿಲಲ್ಲಿ ಒಬ್ಬರು ಇದ್ದು, ತಡವಾಗಿ ಬಂದ ಪ್ರತಿ ಐದನೆಯವರಿಗೆ ಹಾಳೆ ಕೊಟ್ಟು, ತನಿ ಆವರ್ತನದ (ಮೃದಂಗ ಮುಂತಾದ ತಾಳವಾದ್ಯದವರಷ್ಟೇ ನುಡಿಸುವ ಭಾಗ) ಹೊತ್ತಿಗೆ ಸಂಗ್ರಹಿಸಬೇಕು.

ಹಾಳೆಯ ಜೊತೆಗೆ ಕಣ್ಣಳತೆಯ ಎಣಿಕೆಯೂ ಬೇಕು. ಮೂರು ಗಂಟೆಯ ಕಛೇರಿಯಲ್ಲಿ ನಾಲ್ಕು ಸಲ: ಶುರುವಿನ ವರ್ಣ ಮುಗಿದಾಗ, ಮುಖ್ಯ ಕೃತಿಗೆ ಆಲಾಪನೆ ಎತ್ತಿದಾಗ, ತನಿಯಲ್ಲಿ, ಮಂಗಳದಲ್ಲಿ. ಹಾಲನ್ನು ಆರು ಭಾಗ ಮಾಡಿಕೊಂಡು ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಆಮೇಲೆ ಹೋಲಿಸಬೇಕು. ಇಪ್ಪತ್ತರ ಒಳಗಿನವರ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯ ಬರುವುದಿಲ್ಲ. 50–65ರ ನಡುವೆ ಬರುತ್ತದೆ, ಕೂದಲಿಗೆ ಬಣ್ಣ ಹಚ್ಚಿದವರಿಂದಾಗಿ. ಅದೇ ಸಂಜೆಯ ಹಾಳೆಗಳಲ್ಲಿನ ಹುಟ್ಟಿದ ವರ್ಷದ ಜೊತೆ ತಾಳೆ ನೋಡಿದರೆ ಕಣ್ಣು ಎಷ್ಟು ತಪ್ಪುತ್ತದೆ ಎಂಬ ಅಂದಾಜು ಸಿಗುತ್ತದೆ. ತನಿಯಲ್ಲಿ ಎದ್ದು ಹೋದವರನ್ನು ‘ಬಿಟ್ಟುಹೋದರು’ ಎಂದು ಬರೆದುಕೊಳ್ಳಬೇಡಿ. ಕಾಫಿ ಕುಡಿದು, ಕೊನೆಯಲ್ಲಿ ಹಾಡುವ ತುಕ್ಕಡಗಳಿಗೆ (ಚಿಕ್ಕ ರಚನೆಗಳಿಗೆ) ವಾಪಸಾಗುವವರು ಅದರಲ್ಲಿ ಬಹಳ. ಮೃದಂಗ ನುಡಿಸುವವರಿಗೆ ಇದು ನ್ಯಾಯವಲ್ಲ ಎನ್ನುವುದು ಬೇರೆ ಮಾತು, ಆದರೆ ಎಣಿಕೆಗೆ ಇದು ಗೊತ್ತಿರಬೇಕು.

ಎಷ್ಟು ಜನರನ್ನು ಕೇಳಬೇಕು? 400 ಉತ್ತರ ಬಂದರೆ ಶೇಕಡಾವಾರು ಅಂಕಿಯಲ್ಲಿ ಸುಮಾರು 5ರಷ್ಟು ಆಚೀಚೆ ಆಗಬಹುದು ಎನ್ನುವುದು ಪುಸ್ತಕದ ಲೆಕ್ಕ. ಆದರೆ ಒಂದೇ ಸಂಜೆ ಒಂದೇ ಹಾಲಿನಲ್ಲಿ ಕೂತವರು ಒಬ್ಬರನ್ನೊಬ್ಬರು ಹೋಲುತ್ತಾರೆ. ಆದ್ದರಿಂದ ಎರಡು ಕಛೇರಿಯಲ್ಲಿ 200ರಂತೆ ತುಂಬಿಸುವುದಕ್ಕಿಂತ ಹನ್ನೆರಡು ಕಛೇರಿಯಲ್ಲಿ 35ರಂತೆ ತುಂಬಿಸುವುದು ಎಷ್ಟೋ ಮೇಲು. ಆ ಹನ್ನೆರಡರಲ್ಲಿ ವಾರದ ದಿನ, ಭಾನುವಾರ, ಹೆಸರಾಂತ ಗಾಯಕರು, ಹೊಸಬರು, ವೀಣೆ ಅಥವಾ ಕೊಳಲು, ಟಿಕೆಟ್ಟಿನದು, ಉಚಿತವಾದದ್ದು ಎಲ್ಲವೂ ಬರಬೇಕು. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜದ ಹಾಲು, ಮಲ್ಲೇಶ್ವರದ ಹತ್ತಿರದ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ, 1939ರಲ್ಲಿ ಶುರುವಾದ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ಪೆಂಡಾಲು: ಒಂದೊಂದರ ಜನ ಒಂದೊಂದು ತೆರ. ಒಂದನ್ನು ನೋಡಿ ಊರಿನ ಮಾತು ಆಡುವುದು ಸಲ್ಲ. ಪೆಂಡಾಲಿನಲ್ಲಾದರೆ ಕುರ್ಚಿಗಳು ಜಾಗ ಬದಲಿಸುತ್ತಲೇ ಇರುತ್ತವೆ, ಅಲ್ಲಿ ಸಾಲು ಲೆಕ್ಕವೇ ಗತಿ. ಹೊರಗೆ ಬೈಕಿನ ಮೇಲೆ ಕೂತು ಒಂದು ಕೃತಿ ಕೇಳಿ ಹೋಗುವವರನ್ನೂ ಎಣಿಸಬೇಕು.

ಸಿಕ್ಕ ವಯಸ್ಸುಗಳ ಸರಾಸರಿ ತೆಗೆದು ಕೈ ತೊಳೆದುಕೊಳ್ಳಬಾರದು. ಕಛೇರಿಯ ಕೇಳುಗರಲ್ಲಿ ಸಾಮಾನ್ಯವಾಗಿ ಎರಡು ಗುಡ್ಡ ಇರುತ್ತವೆ: ಹತ್ತರಿಂದ ಹದಿನೆಂಟರ ವಿದ್ಯಾರ್ಥಿಗಳದ್ದೊಂದು, ಐವತ್ತೈದರ ಮೇಲಿನದೊಂದು, ನಡುವೆ ಕಣಿವೆ. ‘ಸರಾಸರಿ 48’ ಎಂದರೆ ಹಾಲಿನಲ್ಲಿ ಇಲ್ಲವೇ ಇಲ್ಲದ ವ್ಯಕ್ತಿಯ ವಯಸ್ಸು ಹೇಳಿದಂತೆ. ಐದೈದು ವರ್ಷದ ಕಂಬಗಳ ಚಿತ್ರ ಬರೆದು ಕಣಿವೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ನೋಡಿ. 25ರಿಂದ 45ರವರೆಗಿದ್ದರೆ ಅದು ಮಕ್ಕಳು, ಮನೆ ಸಾಲ, ಆಫೀಸಿನ ಕಾಲ. ವಯಸ್ಸಿನ ಪರಿಣಾಮದ ಗುರುತು ಇರಬಹುದು. ಹತ್ತು ವರ್ಷ ಬಿಟ್ಟು ಇನ್ನೊಮ್ಮೆ ಅಳೆದಾಗ ಕಣಿವೆಯ ಆಚೆ ದಂಡೆ 45ರಿಂದ 55ಕ್ಕೆ ಸರಿದಿದ್ದರೆ ಅದು ಓರಗೆಯ ಪರಿಣಾಮ.

ಊರಿನ ಜನರ ವಯಸ್ಸಿನ ಜೊತೆ ಹೋಲಿಸದೆ ಹಾಲಿನ ವಯಸ್ಸಿಗೆ ಅರ್ಥವಿಲ್ಲ. ಬಸವನಗುಡಿ, ಮಲ್ಲೇಶ್ವರ, ಜಯನಗರಗಳಲ್ಲಿ ಮನೆಗಳೇ ವಯಸ್ಸಾದವರವು. ಮಕ್ಕಳು ವೈಟ್‌ಫೀಲ್ಡಿಗೋ ಸರ್ಜಾಪುರ ರಸ್ತೆಗೋ ಹೊರದೇಶಕ್ಕೋ ಹೋಗಿದ್ದಾರೆ. ಜನಗಣತಿಯ ವಾರ್ಡುವಾರು ಪಟ್ಟಿಯಲ್ಲಿ ಆರು ವರ್ಷದೊಳಗಿನ ಮಕ್ಕಳ ಲೆಕ್ಕ ಬಿಟ್ಟರೆ ವಯಸ್ಸಿನ ವಿವರ ಇಲ್ಲ. ಆದರೆ ಮತದಾರರ ಪಟ್ಟಿಯಲ್ಲಿ ಪ್ರತಿ ಮತಗಟ್ಟೆಯ ಪ್ರತಿ ಮತದಾರರ ವಯಸ್ಸು ಇರುತ್ತದೆ, ಎಲ್ಲರೂ ನೋಡಬಹುದು. ಹಾಲಿನ ಸುತ್ತಲಿನ ಹತ್ತು ಮತಗಟ್ಟೆಗಳ ಪಟ್ಟಿಯಿಂದ ಹೆಸರು ಬಿಟ್ಟು ವಯಸ್ಸನ್ನಷ್ಟೇ ಟಿಪ್ಪಣಿ ಮಾಡಿದರೆ ಬಡಾವಣೆಯ ಚಿತ್ರ ಸಿಗುತ್ತದೆ. ಇದರಲ್ಲೂ ಓರೆಯಿದೆ: ಬಾಡಿಗೆಗೆ ಬಂದ ಯುವಕರ ಹೆಸರು ಅವರ ಹುಟ್ಟೂರಿನಲ್ಲೇ ಉಳಿದಿರುತ್ತದೆ, ಊರು ಬಿಟ್ಟ ಮಕ್ಕಳ ಹೆಸರು ಇಲ್ಲೇ ಇರುತ್ತದೆ. ಪಿನ್‌ಕೋಡ್ ಉತ್ತರಗಳ ಜೊತೆಗಿಟ್ಟು ಓದಬೇಕು.

ದಾರಿಯ ಲೆಕ್ಕ ಬಿಡಬೇಡಿ. ವಾರದ ದಿನ ಆರೂಕಾಲಕ್ಕೆ ಶುರುವಾಗುವ ಕಛೇರಿಗೆ ಮಾರತ್ತಹಳ್ಳಿಯ ಆಫೀಸಿನಿಂದ ಆರಕ್ಕೆ ಹೊರಟವರು ಬರುವಷ್ಟರಲ್ಲಿ ಮುಖ್ಯ ಕೃತಿ ಅರ್ಧ ಆಗಿರುತ್ತದೆ. ಅವರು ಸಂಗೀತ ಬಿಟ್ಟವರಲ್ಲ. ‘ಎಷ್ಟು ನಿಮಿಷ ಹಿಡಿಯಿತು’ ಎಂಬ ಉತ್ತರವನ್ನು ವಯಸ್ಸಿನ ಜೊತೆ ಜೋಡಿಸಿ, ಭಾನುವಾರ ಮತ್ತು ಬುಧವಾರಗಳನ್ನು ಹೋಲಿಸಿದರೆ ಎಷ್ಟು ಪಾಲು ರಸ್ತೆಯದ್ದು ಎಂದು ತಿಳಿಯುತ್ತದೆ.

ಹಾಲಿಗೆ ಬಾರದವರೇ ಈ ಸಂಶೋಧನೆಯ ಮುಖ್ಯ ಸಾಕ್ಷಿಗಳು, ಅವರು ಹಾಲಿನಲ್ಲಿ ಸಿಗುವುದಿಲ್ಲ. ಒಂದು ಉಪಾಯವಿದೆ: ಬಂದವರನ್ನೇ ‘ಹಿಂದೆ ನಿಮ್ಮ ಜೊತೆ ಬರುತ್ತಿದ್ದು ಈಗ ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ’ ಎಂದು ಕೇಳಿ, ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಮಾತಾಡುವುದು. ಮಂಡಿ ನೋವು, ರಾತ್ರಿ ಗಾಡಿ ಓಡಿಸಲಾಗದಿರುವುದು, ಜೊತೆಗೆ ಬರುತ್ತಿದ್ದ ಯಜಮಾನರು ತೀರಿಕೊಂಡದ್ದು, ಮಗಳ ಮನೆಗೆ ಹೋದದ್ದು: ಇಂಥ ಕಾರಣಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಎರಡನೆಯ ಗುಂಪು ಸಂಗೀತ ಕಲಿತು ಬಿಟ್ಟವರು. ಸಂಗೀತದ ಜೂನಿಯರ್ ಪರೀಕ್ಷೆಗೆ ಕೂತ ಮಕ್ಕಳೆಲ್ಲ ಮುಂದಿನ ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಬರುವುದಿಲ್ಲ. ಎಸೆಸೆಲ್ಸಿ, ಪಿಯುಸಿ ಎದುರಾದಾಗ ಪಾಠ ನಿಲ್ಲುವುದು ಪ್ರತಿ ಪಾಠದ ಮನೆಯಲ್ಲೂ ಕಾಣುವ ಸಂಗತಿ. ಪಾಠ ಹೇಳುವ ಮೇಷ್ಟ್ರುಗಳ ಬಳಿ ಹಾಜರಿ ಪುಸ್ತಕ ಇದ್ದರೆ ಯಾವ ವಯಸ್ಸಿನಲ್ಲಿ ಎಷ್ಟು ಮಕ್ಕಳು ನಿಂತರು ಎಂಬ ಬಂಗಾರದಂಥ ಮಾಹಿತಿ ಅದರಲ್ಲಿದೆ. ಅವರ ಪಾಠದ ವೇಳೆಯನ್ನೂ ಕೇಳಿ. ಸಂಜೆ ಐದರಿಂದ ಎಂಟು, ಶನಿವಾರ ಭಾನುವಾರ ಇಡೀ ದಿನ ಪಾಠ; ಕಛೇರಿಯೂ ಅದೇ ಹೊತ್ತಿಗೆ. ಸಂಗೀತಕ್ಕೆ ಎಲ್ಲರಿಗಿಂತ ಹತ್ತಿರ ಇರುವ ಮಕ್ಕಳನ್ನೂ ಗುರುಗಳನ್ನೂ ನಾವೇ ಕಛೇರಿಯಿಂದ ದೂರ ಇಟ್ಟಿದ್ದೇವೆ.

ಹಿಂದಿನ ಕಾಲದ ಅಳತೆ ಎಲ್ಲಿಂದ ತರುವುದು? ಸಭೆಗಳ ಬೀರುವಿನಲ್ಲಿ ಸದಸ್ಯತ್ವದ ರಿಜಿಸ್ಟರು, ರಸೀದಿ ಪುಸ್ತಕ, ಸ್ಮರಣ ಸಂಚಿಕೆಗಳಿವೆ. ಸೇರಿದ ವರ್ಷ, ವಿಳಾಸ, ಕೆಲವೊಮ್ಮೆ ವೃತ್ತಿ ಸಿಗುತ್ತದೆ. ‘ಆಜೀವ ಸದಸ್ಯ’ರ ಪಟ್ಟಿಯಲ್ಲಿ ತೀರಿಕೊಂಡವರ ಹೆಸರನ್ನು ತೆಗೆದಿರುವುದಿಲ್ಲ, ಆದ್ದರಿಂದ ಒಟ್ಟು ಸಂಖ್ಯೆ ನಂಬದೆ ವರ್ಷವರ್ಷ ಹೊಸದಾಗಿ ಸೇರಿದವರನ್ನು ಮಾತ್ರ ಎಣಿಸಿ. ಹಳೆಯ ಫೋಟೊಗಳಲ್ಲಿ ತಲೆ ಎಣಿಸುವ ಆಸೆ ಬೇಡ. ಕ್ಯಾಮೆರಾಗೆ ಬಿದ್ದದ್ದು ಮುಂದಿನ ಎರಡು ಸಾಲು, ಅಲ್ಲಿ ಅಧ್ಯಕ್ಷರು, ಅತಿಥಿಗಳು, ಹಿರಿಯರೇ ಕೂರುತ್ತಿದ್ದರು. ಇನ್ನೊಂದು ದಾರಿ ಈಗಿನ ಹಿರಿಯರ ನೆನಪು. ‘ನಿಮಗೆ ಇಪ್ಪತ್ತೈದಾಗಿದ್ದಾಗ ಎಷ್ಟು ಕಛೇರಿ ಕೇಳುತ್ತಿದ್ದಿರಿ’ ಎಂದರೆ ‘ಒಂದನ್ನೂ ಬಿಡುತ್ತಿರಲಿಲ್ಲ’ ಎಂಬ ಉತ್ತರ ಬರುತ್ತದೆ. ನೆನಪನ್ನು ಬದುಕಿನ ಘಟನೆಗೆ ಕಟ್ಟಬೇಕು: ಆಗ ಯಾವ ಮನೆಯಲ್ಲಿದ್ದಿರಿ, ಮದುವೆ ಆಗಿತ್ತೇ, ಯಾವ ಕೆಲಸ, ಸೈಕಲ್ಲೋ ಬಸ್ಸೋ, ಮೊದಲ ಮಗು ಹುಟ್ಟಿದ ವರ್ಷ ಹೋಗಿದ್ದಿರೇ? ಹೀಗೆ ಕೇಳುತ್ತ ಹೋದಾಗ ಅನೇಕರ ಬದುಕಿನಲ್ಲಿ ಹತ್ತು ಹದಿನೈದು ವರ್ಷದ ಖಾಲಿ ಜಾಗ ಹೊರಬಂದರೆ, ಈಗಿನ ಮೂವತ್ತೈದರವರ ಗೈರುಹಾಜರಿಯನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ ತಾನಾಗಿ ಸಿಗುವ ಅಂಕಿಗಳು ಅಚ್ಚುಕಟ್ಟಾಗಿ ಕಾಣುತ್ತವೆ, ಅದಕ್ಕೇ ಅಪಾಯಕಾರಿ. ಆನ್‌ಲೈನ್ ಟಿಕೆಟ್ ತೆಗೆದದ್ದು 34ರ ಮಗಳು, ಬಂದು ಕೂತವರು ಅವಳ ಅಪ್ಪ ಅಮ್ಮ. ಯೂಟ್ಯೂಬಿನಲ್ಲಿ ಕಛೇರಿ ನೋಡಿದವರ ವಯಸ್ಸು ಎಂದರೆ ಖಾತೆಯ ವಯಸ್ಸು. ಟಿವಿಯಲ್ಲಿ ಮಗನ ಖಾತೆ, ನೋಡುವವರು ಅಜ್ಜಿ. 2020ರ ರಾಮನವಮಿ ಏಪ್ರಿಲ್ 2ರಂದು, ಲಾಕ್‌ಡೌನಿನ ನಡುವೆಯೇ ಬಂತು. 2020, 2021ರ ಅಂಕಿಗಳನ್ನು ಹೋಲಿಕೆಯ ತಳಪಾಯವಾಗಿ ಎಂದೂ ಇಡಬಾರದು.

ಇಷ್ಟಾದ ಮೇಲೆ ಒಂದು ಪ್ರಯೋಗ ಮಾಡಬಹುದು. ಆರು ತಿಂಗಳು, ತಿಂಗಳಿಗೆರಡು ಕಛೇರಿ. ಒಂದು ಎಂದಿನಂತೆ ವಾರದ ದಿನ ಆರೂಕಾಲಕ್ಕೆ, ಇನ್ನೊಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಎರಡೂ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಒಂದೇ ಹಾಲಿನಲ್ಲಿ. ಎರಡಕ್ಕೂ ಒಂದೇ ಮಟ್ಟದ ಕಲಾವಿದರು, ಒಂದೇ ರೀತಿಯ ಪ್ರಚಾರ. ಬೆಳಗಿನದಕ್ಕೆ ಪ್ರಸಿದ್ಧ ಗಾಯಕರನ್ನು ಹಾಕಿ ‘ಬೆಳಿಗ್ಗೆ ಜನ ಬಂದರು’ ಎಂದರೆ ಬಂದದ್ದು ಹೊತ್ತಿಗೋ ಹೆಸರಿಗೋ ತಿಳಿಯುವುದಿಲ್ಲ. ಒಂದು ಸಲಕ್ಕೆ ಬದಲಿಸುವುದು ಒಂದೇ ಸಂಗತಿ ಆಗಬೇಕು, ಮೊದಲು ಹೊತ್ತು. ಆಮೇಲೆ ಪಾಠ ಹೇಳುವ ಗುರುಗಳಿಗೆ ಆ ಭಾನುವಾರದ ದಿನಾಂಕಗಳನ್ನು ಮೂರು ತಿಂಗಳು ಮುಂಚೆಯೇ ಕೊಟ್ಟು, ಆ ಬೆಳಗಿನ ಪಾಠವನ್ನು ಬೇರೆ ದಿನಕ್ಕೆ ಹಾಕಿಕೊಳ್ಳುವಂತೆ ಕೇಳಿಕೊಳ್ಳಬೇಕು. ಇದನ್ನು ಪ್ರಯೋಗದ ಎರಡನೆಯ ಮೂರು ತಿಂಗಳಲ್ಲಷ್ಟೇ ಮಾಡಿದರೆ, ಮೊದಲ ಮೂರು ತಿಂಗಳ ಜೊತೆ ಹೋಲಿಸಿ ಎಷ್ಟು ಜನ ಬೆಳಗಿನ ಹೊತ್ತಿನಿಂದ ಬಂದರು, ಎಷ್ಟು ಜನ ಗುರುಗಳ ಮಾತಿನಿಂದ ಬಂದರು ಎಂದು ಬಿಡಿಸಿ ನೋಡಲು ಬರುತ್ತದೆ.